ಹಡಗಿಗೆ ಒಂದು ಕೋಟು

ನನ್ನ ಗಂಡನನ್ನು ಮಣ್ಣು ಮಾಡಿ ನೆಂಟರೆಲ್ಲ ಹೊರಟುಹೋದ ಮೇಲೆ ಬಂದ ಮೊದಲ ಮಾಮೂಲಿ ಬೆಳಿಗ್ಗೆ. ನಲ್ಲಿಯಲ್ಲಿ ನೀರು ಬಂತು, ಹಿಡಿದಿಟ್ಟೆ. ತಲೆ ಬಾಚಿ ಚಪ್ಪಲಿ ಮೆಟ್ಟಿದೆ. ಎಲ್ಲಿಗೂ ಹೋಗುವುದಿರಲಿಲ್ಲ. ಬಿಚ್ಚಿಟ್ಟೆ.

ಆಮೇಲೆ ನಾದಿನಿ ಬಂದಳು. ಹೊಲಿಗೆ ಅವಳ ಕಸುಬು. ಹುಟ್ಟಿದಾಗ ಮನೆಯವರು ಗಂಡುಮಗು ಎಂದುಕೊಂಡಿದ್ದರು. ತಾನು ಹೆಣ್ಣು ಎಂದು ಅವಳು ಹೇಳಿದ ದಿನ ಅಪ್ಪ ಮಾತು ಬಿಟ್ಟರು, ಅಣ್ಣ, ಎಂದರೆ ನನ್ನ ಗಂಡ, ಬಿಡಲಿಲ್ಲ. ಪುಟ್ಟ ಎನ್ನುತ್ತಿದ್ದವನು ಪುಟ್ಟಿ ಎನ್ನತೊಡಗಿದ, ಅಷ್ಟೇ. ಮುಂದಿನ ತಿಂಗಳು ಮೂವರೂ ಹಡಗಿನಲ್ಲಿ ಪರದೇಶದ ದ್ವೀಪಗಳಿಗೆ ಹೋಗುವುದೆಂದು ಟಿಕೆಟು ಮಾಡಿಸಿದ್ದವನೂ ಅವನೇ. ಸಮುದ್ರವನ್ನೇ ಕಾಣದ ಅವಳು, ಗಾಳಿಗೆ ಹಾರದಂತೆ ಅಂಚಿಗೆ ತೂಕ ಕೊಟ್ಟು ಒಂದು ಗೌನು ಹೊಲಿದುಕೊಂಡಿದ್ದಳು.

"ಟಿಕೆಟ್ ವಾಪಸ್ ಮಾಡ್ಬಿಡೋಣ ಅತ್ತಿಗೆ. ಅಣ್ಣ ಇಲ್ದೆ ನಾನು ಯಾರ ಬೆನ್ನ ಹಿಂದೆ ನಿಂತ್ಕೊಳ್ಲಿ?"

"ನನ್ನ ಬೆನ್ನು ಸಾಲಲ್ವಾ?"

"ಸಾಲಲ್ಲ. ಅಳತೆ ನನ್ಹತ್ರ ಇದೆ."

ನಗು ಬರಲಿಲ್ಲ. ಬರಬೇಕಾದ ಜಾಗ ಮಾತ್ರ ಗೊತ್ತಾಯಿತು.

ಹಡಗಿನ ಕಚೇರಿಗೆ ಫೋನು ಮಾಡಿ, ಇಬ್ಬರಿಗೂ ಕೇಳುವಂತೆ ಮೇಜಿನ ಮೇಲಿಟ್ಟೆ. ಗಂಡ ತೀರಿಕೊಂಡಿದ್ದಾರೆ ಎಂದೆ. ಆ ಕಡೆಯ ಹುಡುಗಿ ನಮ್ಮ ಟಿಕೆಟಿನ ವಿವರ ತೆಗೆದಳು.

"ಅಣ್ಣ ತಮ್ಮ ಒಂದು ಕ್ಯಾಬಿನ್, ನಿಮಗೆ ಪಕ್ಕದ್ದು ಅಂತಿದೆ ಮೇಡಂ. ಈಗ ತಮ್ಮ ಒಬ್ರೇ ಇರ್ತಾರಾ?"

"ತಮ್ಮ ಅಲ್ಲ, ತಂಗಿ."

"ಪಾಸ್‌ಪೋರ್ಟಲ್ಲಿ ಗಂಡು ಅಂತ ಇದೆಯಲ್ಲ. ಹತ್ತೋ ದಿನ ಹಳೇ ಫೋಟೋದಲ್ಲಿರೋ ಹಾಗೇ ಕೋಟು ಹಾಕಿಸಿ, ಕೂದಲು ಒಳಗೆ ಕಟ್ಟಿಸಿ ಕರ್ಕೊಂಡು ಬರ್ತೀನಿ ಅಂದಿದ್ರು ನಿಮ್ಮನೆಯವರು."

ಹೆಣ್ಣು ಎಂದಿರುವ ಹೊಸ ಪಾಸ್‌ಪೋರ್ಟಿಗೆ ಅವಳು ಕೊಟ್ಟ ಅರ್ಜಿ ಇನ್ನೂ ಕಚೇರಿಯಲ್ಲೇ ಕೊಳೆಯುತ್ತಿತ್ತೆಂದು ಗೊತ್ತಿತ್ತು. ಕೋಟಿನ ಮಾತು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ನಾದಿನಿ ಎದ್ದು ಹೋಗಿ ಅಣ್ಣನ ಬೀರು ತೆರೆದಳು. ಅಂಗಿಗಳ ಹಿಂದೆ ಒಂದು ಕಪ್ಪು ಕೋಟು ಇತ್ತು. ಕಾಲರಿನಲ್ಲಿ ಕೆಳಗಿನ ಬೀದಿಯ ಇಸ್ತ್ರಿ ಅಂಗಡಿಯ ಚೀಟಿ.

"ಇದು ಅವನದಲ್ಲ. ಅವನ ಭುಜ ಇದಕ್ಕಿಂತ ಅಗಲ," ಎನ್ನುತ್ತಲೇ ತೊಟ್ಟುಕೊಂಡಳು. ಹೇಳಿ ಹೊಲಿಸಿದಂತೆ ಕೂತಿತು.

"ಇಸ್ತ್ರಿ ಅಂಗಡಿಯಿಂದ ಎರವಲು ತಂದಿದ್ದಾನೆ. ಕೇಳಿದ್ರೆ ಹಾಕ್ಕೋತಿದ್ದೆ ಅತ್ತಿಗೆ. ಕೇಳ್ಲಿಲ್ಲ ನೋಡಿ. ಬಂದರಿಗೆ ಹೋದ್ಮೇಲೆ ಇದನ್ನ ತೆಗೆದು, ಪುಟ್ಟಿ ಒಂದೇ ಗಂಟೆ ಹಾಕ್ಕೋ ಕಣೇ, ಅಂತಿದ್ದ. ಅಲ್ಲಿ ನಾನು ಇಲ್ಲ ಅನ್ನಲ್ಲ ಅಂತ ಅವನಿಗೆ ಗೊತ್ತು."

ಸತ್ತವನೊಡನೆ ಜಗಳವಾಡುವುದು ಹೇಗೆ? ಅವನು ಹೆದರಿದ್ದ. ಅವಳನ್ನು ಎಲ್ಲರೆದುರು ನಿಲ್ಲಿಸಿ ಪ್ರಶ್ನೆ ಕೇಳಿಯಾರೆಂದು ಹೆದರಿದ್ದ. ಅವನ ಹೆದರಿಕೆ ಸುಳ್ಳೂ ಆಗಿರಲಿಲ್ಲ.

ಅವಳು ಗುಂಡಿ ಹಾಕತೊಡಗಿದಳು. "ಹೀಗೇ ಹೋಗ್ತೀನಿ ಬಿಡಿ. ಅವನ ಕೊನೇ ಆಸೆ ಅಂದ್ಕೋತೀನಿ."

"ಆಸೆ ಅಲ್ಲ, ಅದು ಭಯ. ಬಿಚ್ಚು."

ಹುಡುಗಿ ಇನ್ನೂ ಫೋನಿನಲ್ಲಿದ್ದಳು. "ನಮ್ಮಿಬ್ಬರಿಗೂ ಒಂದೇ ಕ್ಯಾಬಿನ್ ಕೊಡಿ," ಎಂದೆ. "ಅತ್ತಿಗೆ, ನಾದಿನಿ ಅಂತ ಬರ್ಕೊಳ್ಳಿ."

"ಕ್ಯಾಬಿನ್ ಕೊಡ್ಬಹುದು ಮೇಡಂ. ಹತ್ತೋ ಹತ್ರ ತಡೆದ್ರೆ ನಾವೇನೂ ಮಾಡಕ್ಕಾಗಲ್ಲ. ಎರಡನೇ ದ್ವೀಪದ ಕಾನೂನೇ ಬೇರೆ, ಅಲ್ಲಂತೂ ಅವರನ್ನ ಇಳಿಯೋಕೆ ಬಿಡೋದು ಕಷ್ಟ."

"ಅಲ್ಲಿ ಇಬ್ಬರೂ ಇಳಿಯಲ್ಲ."

ನಾದಿನಿಯ ಕೈ ಗುಂಡಿಯ ಮೇಲೇ ಇತ್ತು. "ತಡೆದ್ರೆ?"

"ತಡೆದ್ರೆ ದಡದಲ್ಲಿ ಕೂತು ಸಮುದ್ರ ನೋಡ್ಕೊಂಡು ಬರೋಣ. ಗೌನ್ ಹಾಕ್ಕೊಂಡೇ ಬಾ."

ಅವಳು ಕೋಟು ಬಿಚ್ಚಿ, ಅಭ್ಯಾಸದಂತೆ ಮಡಿಕೆ ಸರಿಮಾಡಿ ನನ್ನ ಕೈಗೆ ಕೊಟ್ಟಳು.

ಕೋಟು ಹಿಡಿದು ಹೋದ ನನ್ನನ್ನು ಕಂಡು ಇಸ್ತ್ರಿ ಅಂಗಡಿಯವರು ಪೆಟ್ಟಿಗೆ ಕೆಳಗಿಟ್ಟರು. "ನೀವ್ಯಾಕಮ್ಮ ತರೋಕೆ ಹೋದ್ರಿ. ಯಾರೋ ಗಿರಾಕಿ ಬಿಟ್ಟುಹೋಗಿದ್ದು ಅದು. ಪ್ರಯಾಣಕ್ಕೆ ಬೇಕು ಅಂತ ಯಜಮಾನ್ರು ಕೇಳಿದ್ರು, ಕೊಟ್ಟೆ. ಇನ್ನೂ ಇಟ್ಕೊಳ್ಳಿ ಬೇಕಾದ್ರೆ."

"ಬೇಡ," ಎಂದೆ. ಅವರು ಅದನ್ನು ಗೂಟಕ್ಕೆ ಹಾಕುವವರೆಗೂ ನಿಂತಿದ್ದೆ.