ಗುಂಡಿಯ ತುರಿಕೆಗೆ ಎರಡು ಕಾರಣ, ಬಹುಶಃ ಮೂರು

೧.

ಎಲ್ಲಿಂದ ಶುರು ಮಾಡಲಿ? ಬೆಕ್ಕಿನಿಂದಲೋ, ಅದು ಕೆರೆದುಕೊಳ್ಳುವ ಸದ್ದಿನಿಂದಲೋ? ಮೊದಲ ಡ್ರಾಫ್ಟಿನಲ್ಲಿ ‘ಆ ಮನೆಯೊಳಗೆ ಹೇಳಲಾಗದ ಒಂದು ನವೆ ಇತ್ತು’ ಎಂದು ಬರೆದಿದ್ದೆ. ಓದಿ ನನಗೇ ಮೈ ಪರಚಿಕೊಳ್ಳುವಂತಾಯಿತು. ಹರಿದು ಹಾಕಿದೆ.

ನೇರವಾಗಿ ಹೇಳುತ್ತೇನೆ. ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಬಟ್ಟೆ ಹೊಲಿಯುವವಳೊಬ್ಬಳಿದ್ದಾಳೆ. ಕಟ್ಟಡದವರಿಗೆಲ್ಲ ಅವಳು ಟೈಲರಕ್ಕ. ಗಂಡ ಲಾರಿ ಓಡಿಸುತ್ತಾನೆ. ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿರುತ್ತಾನೆ, ಈ ಕಥೆಯಲ್ಲಿ ಅಷ್ಟೂ ಇರುವುದಿಲ್ಲ. ಜೊತೆಗಿರುವವರು ಮಾವ. ಲಿಫ್ಟ್ ರಿಪೇರಿ ಮಾಡುತ್ತಿದ್ದವರು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿದೆ. ಆಮೇಲೆ ಗುಂಡಿ. (ರಸ್ತೆಯ ಗುಂಡಿಯಲ್ಲ, ಅಂಗಿಯ ಗುಂಡಿ. ಮರಿಯಾಗಿದ್ದಾಗ ಗುಂಡಿಗಳ ಡಬ್ಬಿಯಲ್ಲಿ ಮಲಗುತ್ತಿತ್ತು.) ಐದು ವರ್ಷದಲ್ಲಿ ಒಮ್ಮೆಯೂ ಹೊಸ್ತಿಲು ದಾಟದ ಬೆಕ್ಕು.

೨.

ಕೆರೆತ ಹಿಡಿದು ಎರಡು ತಿಂಗಳಾದಾಗ ಅದರ ಕುತ್ತಿಗೆಯಲ್ಲಿ ಹುಣ್ಣಾಗಿತ್ತು, ಹೊಟ್ಟೆಯಡಿ ನೆಕ್ಕಿ ನೆಕ್ಕಿ ಬೋಳಾಗಿತ್ತು. ಟೈಲರಕ್ಕ ಅದನ್ನು ಬುಟ್ಟಿಯಲ್ಲಿಟ್ಟು ಪ್ರಾಣಿಗಳ ಡಾಕ್ಟರ ಬಳಿ ಒಯ್ದಳು. ಡಾಕ್ಟರಮ್ಮ ನೀಲಿ ಬೆಳಕು ಬಿಟ್ಟು ನೋಡಿದರು. ಚರ್ಮ ಕೆರೆದು ಮೈಕ್ರೋಸ್ಕೋಪಿನಲ್ಲೂ ನೋಡಿದರು. ಹುಳವಿಲ್ಲ, ಫಂಗಸ್ ಇಲ್ಲ.

“ಚಿಗಟ ಕಾಣಿಸ್ತಿಲ್ಲ. ಆದ್ರೂ ಅದರ ಮದ್ದೊಂದು ಹಾಕಿಬಿಡೋಣ” ಎಂದರು.

ಟೈಲರಕ್ಕನ ಮುಖ ಗಂಟಾಯಿತು. “ನಮ್ಮ ಮನೇಲಿ ಚಿಗಟನಾ? ಮೇಡಂ, ನಾನು ದಿನಕ್ಕೆರಡು ಸಲ ಗುಡಿಸ್ತೀನಿ. ಬೆಕ್ಕು ಬಾಗಿಲಾಚೆ ಕಾಲಿಟ್ಟಿಲ್ಲ.”

“ಹಾಗಿದ್ರೆ ಊಟ ಒಗ್ಗದೇ ಇರಬಹುದು. ಎಂಟು ವಾರ ಈ ಚೀಲದ್ದು ಮಾತ್ರ ಹಾಕಿ. ಬೇರೆ ಒಂದು ಚೂರೂ ಬಾಯಿಗೆ ಬೀಳಬಾರದು. ಬಿದ್ರೆ ಮತ್ತೆ ಮೊದಲಿಂದ.”

(ಇಲ್ಲಿ ನಾನು ಬಾಯಿ ಹಾಕಿದೆ. ‘ಟೈಲರಕ್ಕ, ಬೆಕ್ಕು ನಿಮ್ಮ ಯಜಮಾನರ ದಾರಿ ಕಾದು ಕಾದು ಹೀಗೆ ಮಾಡುತ್ತಿರಬಹುದಲ್ಲ? ಒಂಟಿತನ, ಕಾಯುವಿಕೆ... ಥೀಮ್ ಚೆನ್ನಾಗಿ ಕೂರುತ್ತದೆ.’ ಅವಳು ಬಾಯಲ್ಲಿದ್ದ ಗುಂಡುಸೂಜಿ ತೆಗೆದು, “ರೀ ಕಥೆಗಾರರೇ, ಯಜಮಾನ್ರು ಬಂದ್ರೆ ಅದು ಮಂಚದ ಕೆಳಗೆ ಓಡುತ್ತೆ. ಸುಮ್ನೆ ಕೂತ್ಕೊಳ್ಳಿ” ಎಂದಳು. ಕೂತೆ.)

೩.

ಐದನೇ ವಾರವೂ ಕೆರೆತ ನಿಲ್ಲಲಿಲ್ಲ. ಆ ಗುರುವಾರ ಕಸ ಗುಡಿಸುವಾಗ ಮಾವನ ಕುರ್ಚಿಯಡಿ ಬಿಸ್ಕೆಟ್ ಪುಡಿ ಸಿಕ್ಕಿತು.

“ಮಾವ, ಗುಂಡಿಗೆ ಏನಾದ್ರೂ ಕೊಡ್ತಿದ್ದೀರಾ?”

“ಇಲ್ಲಮ್ಮ.”

“ಇದೇನು ಮತ್ತೆ?”

“ಎಡಗೈಲಿ ತಿನ್ನೋದು, ಚೆಲ್ಲುತ್ತೆ.”

ಅಲ್ಲಿಗೇ ಬಿಡಬಹುದಿತ್ತು. ಬಿಡಿ ಎಂದು ನಾನೂ ಹೇಳಿದೆ, ಅವಳು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. “ಅದರ ಕುತ್ತಿಗೆ ನೋಡಿದ್ದೀರಾ? ಆ ರಕ್ತ ನಿಮ್ಮಿಂದ” ಎಂದಳು.

ಮಾವ ಎಡಗೈಯಿಂದ ಕುರ್ಚಿಯನ್ನು ನೆಲದ ಮೇಲೆ ಎಳೆದುಕೊಂಡು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅಂದಿನಿಂದ ಊಟವೂ ಅಲ್ಲೇ. ತಟ್ಟೆ ಒಳಗಿಟ್ಟರೆ ಖಾಲಿ ತಟ್ಟೆ ಹೊರಗೆ ಬರುತ್ತಿತ್ತು. ಗುಂಡಿ ಬಾಗಿಲ ಬುಡದಲ್ಲಿ ಕೂತು ಕೆರೆದುಕೊಳ್ಳುತ್ತಿತ್ತು.

೪.

ಮುಂದಿನ ವಾರ ಡಾಕ್ಟರಮ್ಮ ಬೆಕ್ಕನ್ನು ನೋಡುವುದು ಬಿಟ್ಟು ಟೈಲರಕ್ಕನ ಕಾಲನ್ನೇ ನೋಡಿದರು. ಪಾದದ ಗಂಟಿನ ಸುತ್ತ ಕೆಂಪು ಗುಳ್ಳೆಗಳು, ಸಾಲಾಗಿ ಮೂರು.

“ಇದೇನಿದು?”

“ಸೊಳ್ಳೆ, ಮೇಡಂ.”

“ಸೊಳ್ಳೆ ಹೀಗೆ ಸಾಲು ಹಿಡಿದು ಕಚ್ಚಲ್ಲ.” ಸಣ್ಣ ಹಲ್ಲಿನ ಬಾಚಣಿಗೆಯಿಂದ ಗುಂಡಿಯ ಬಾಲದ ಬುಡ ಬಾಚಿ, ಉದುರಿದ ಕಪ್ಪು ಕಣಗಳನ್ನು ಒದ್ದೆ ಹತ್ತಿಯ ಮೇಲಿಟ್ಟರು. ಹತ್ತಿ ಮೆಲ್ಲಗೆ ಕೆಂಪಾಯಿತು. “ಚಿಗಟದ ಹೇಲು. ಕುಡಿದ ರಕ್ತಾನೇ ಇದು. ಚಿಗಟಾನ ಬೆಕ್ಕೇ ನೆಕ್ಕಿ ನುಂಗಿಬಿಡುತ್ತೆ, ಅದಕ್ಕೇ ನಮಗೆ ಕಾಣಿಸಲ್ಲ. ಹಳೆ ಬಟ್ಟೆ ಏನಾದ್ರೂ ಮನೆಗೆ ಬಂತಾ?”

ಬಂದಿತ್ತು. ನಾಟಕ ತಂಡವೊಂದು ಹರಿದ ರಂಗಪರದೆಗಳ ಮೂಟೆಯನ್ನು ರಿಪೇರಿಗೆಂದು ತಂದಿಟ್ಟು ನಾಲ್ಕು ತಿಂಗಳಾಗಿತ್ತು. ಪರದೆಗಳು ಅದುವರೆಗೆ ಇದ್ದದ್ದು ಬೀದಿಬೆಕ್ಕುಗಳು ಮರಿ ಹಾಕುವ ಶೆಡ್ಡಿನಲ್ಲಿ. ಗುಂಡಿ ದಿನವೂ ಮಲಗುತ್ತಿದ್ದುದು ಆ ಮೂಟೆಯ ಮೇಲೆ.

ಮೂಟೆ ಅಂದೇ ವಾಪಸ್ ಹೋಯಿತು. ಹಾಸಿಗೆ, ದಿಂಬಿನ ಚೀಲ, ಹೊಲಿಗೆ ಮೆಷಿನ್ನಿನ ಹೊದಿಕೆ ಎಲ್ಲ ಕುದಿನೀರು ಕಂಡವು. ಗುಂಡಿಯ ಹೆಗಲ ನಡುವೆ ಮದ್ದಿನ ಹನಿ ಬಿತ್ತು.

೫.

ಈಗ ಕ್ಷಮೆಯ ದೃಶ್ಯ. ಮೂರು ಬರೆದಿದ್ದೆ.

ಅ) ಸೊಸೆ ಕಾಲಿಗೆ ಬೀಳುತ್ತಾಳೆ, ಮಾವ ಎತ್ತುತ್ತಾರೆ. (ಯಾವ ಕಾಲದ ಸೀರಿಯಲ್ ಇದು!)

ಆ) ಮಾವ ಮನೆ ಬಿಟ್ಟು ಹೋಗಿರುತ್ತಾರೆ. (ಮೂರು ಮಹಡಿ ಇಳಿಯಬೇಕು. “ನನ್ನ ಕೈಲಾಗಲ್ಲಪ್ಪ” ಎಂದರು.)

ಇ) ಬೆಕ್ಕು ಮಾತಾಡುತ್ತದೆ. (ಬೇಡ.)

ನಡೆದದ್ದು ಇಷ್ಟು: ಟೈಲರಕ್ಕ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಬಾಗಿಲು ತೆರೆದು ನಿಂತಳು. “ಮಾವ, ತಪ್ಪಾಯ್ತು. ಚಿಗಟ ಬಂದಿದ್ದು ನನ್ನ ಮೂಟೆಯಿಂದ. ನಿಮ್ಮ ಮೇಲೆ ಹಾಕಿದೆ.”

ಮಾವ ಬಲಗೈಯನ್ನೇ ನೋಡುತ್ತ “ಆಯ್ತಮ್ಮ” ಎಂದರು. ಕುರ್ಚಿ ಮುಂದಿನ ಕೋಣೆಗೆ ಮರಳಿತು.

ಕಥೆ ಇಲ್ಲೇ ಮುಗಿಸಬಹುದಿತ್ತು. ಮುಗಿಸಿದ್ದೆ ಕೂಡ. ಆದರೆ ಗುಂಡಿ ಒಪ್ಪಲಿಲ್ಲ. ಎರಡು ತಿಂಗಳಲ್ಲಿ ಹೊಟ್ಟೆಯ ಕೂದಲು ಬಂತು, ಬಾಚಣಿಗೆಗೆ ಕಪ್ಪು ಕಣ ಸಿಗುವುದು ನಿಂತಿತು. ಕುತ್ತಿಗೆಯ ಕೆರೆತ ಮಾತ್ರ ಹೋಗಲಿಲ್ಲ.

“ಎರಡು ಕಾರಣ ಇರಬಹುದು, ಮೂರೂ ಇರಬಹುದು” ಎಂದರು ಡಾಕ್ಟರಮ್ಮ. “ಆ ಎಂಟು ವಾರ ಊಟದ ಪಥ್ಯ ಸರಿಯಾಗಿ ನಡೀತಾ?”

“ಸರಿಯಾಗೇ ನಡೀತು ಮೇಡಂ. ನಮ್ಮ ಮಾವ ಸುಳ್ಳು ಹೇಳೋರಲ್ಲ.”

ಮನೆಗೆ ಬಂದು ಆ ಮಾತನ್ನು ಮಾವನಿಗೂ ಹೇಳಿದಳು. ಸ್ವಲ್ಪ ಹೆಮ್ಮೆಯಿಂದಲೇ.

೬.

ಮಾವ ಎದ್ದು ಹೋಗಿ, ದಿಂಬಿನ ಹಿಂದಿನಿಂದ ಬಿಸ್ಕೆಟ್ ಡಬ್ಬಿ ತಂದು ಹೊಲಿಗೆ ಮೆಷಿನ್ ಮೇಲಿಟ್ಟರು.

“ಆವತ್ತು ಕೇಳಿದ ಕ್ಷಮೆ ವಾಪಸ್ ತಗೊಂಡುಬಿಡಮ್ಮ.”

“ಏನಂದ್ರಿ?”

“ಕೊಡ್ತಿದ್ದೆ. ದಿನಾ. ಬಾಗಿಲು ಹಾಕ್ಕೊಂಡಾಗ ಸಂದಿಯಿಂದ ಕೊಟ್ಟೆ. ನಿನ್ನೆನೂ ಕೊಟ್ಟೆ.”

ಟೈಲರಕ್ಕನಿಗೆ ಸಿಟ್ಟು ನೆತ್ತಿಗೇರಿತು. (ಅವಳು ನಕ್ಕಳು ಎಂದು ಬರೆದಿದ್ದೆ. ಅವಳೇ ಹೊಡೆದು ಹಾಕಿಸಿದಳು.) “ಯಾಕೆ ಮಾವ? ಎಷ್ಟು ಸಲ ಹೇಳಿದ್ದೆ!”

“ಬಿಸ್ಕೆಟ್ ಇದ್ರೆ ಮಡಿಲಿಗೆ ಬರುತ್ತೆ. ಈ ಕೈ ಮೇಲೆ ತಲೆ ಇಡುತ್ತೆ. ಆಗ ಬೆರಳಿಗೆ ಒಂಚೂರು ಬಿಸಿ ಗೊತ್ತಾಗುತ್ತೆ. ಬೇರೆ ಯಾವುದಕ್ಕೂ ಗೊತ್ತಾಗಲ್ಲ.”

ಅವಳು ಡಬ್ಬಿಯ ಮುಚ್ಚಳ ಹಾಕಿದಳು. ಕ್ಷಮಿಸಿದಳು ಎಂದಲ್ಲ, ಮುಚ್ಚಳ ಹಾಕಿದಳು. ಆಮೇಲೆ ಡಬ್ಬಿಯನ್ನು ಪಕ್ಕದ ಮನೆಗೆ ಕೊಟ್ಟು ಬಂದು, ಗೋಡೆಯ ಕ್ಯಾಲೆಂಡರಿನಲ್ಲಿ ಮರುದಿನಕ್ಕೆ ‘೧’ ಎಂದು ಬರೆದಳು. ಇನ್ನು ಎಂಟು ವಾರ.

೭.

ಅಂತ್ಯ ಎಲ್ಲಿ ಎಂದು ನೀವು ಕೇಳುತ್ತೀರಿ. ಎರಡನೆಯ ಕಾರಣ ಊಟವೇ ಹೌದೋ ಅಲ್ಲವೋ ನನಗೆ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಇಂದು ಒಂಬತ್ತನೆಯ ದಿನ, ಸಂಜೆ ನಾಲ್ಕೂವರೆ. ಎಂಟು ದಿನದಿಂದ ಗುಂಡಿ ಮಾವನ ಕಡೆ ತಿರುಗಿಯೂ ನೋಡಿರಲಿಲ್ಲ. ಈಗ ಕುರ್ಚಿಯ ಹತ್ತಿರ ಬಂದು, ಅವರಿಗೆ ಬೆನ್ನು ಹಾಕಿ ಕೂತಿದೆ. ಮಾವ ಎಡಗೈಯಿಂದ ಬಲಗೈಯನ್ನು ಎತ್ತಿ, ಮಡಿಲಲ್ಲಿ ಅಂಗೈ ಮೇಲಾಗಿ ಇಟ್ಟುಕೊಂಡಿದ್ದಾರೆ. ಕೈಯಲ್ಲಿ ಏನೂ ಇಲ್ಲ.

‘ಬೆಕ್ಕು ಮಡಿಲಿಗೆ ಹಾರಿತು’ ಎಂದು ಬರೆದೆ. ಅಳಿಸಿದೆ. ‘ಎದ್ದು ಹೋಯಿತು’ ಎಂದು ಬರೆದೆ. ಅದನ್ನೂ ಅಳಿಸಿದೆ.

ಟೈಲರಕ್ಕ ಪೆಡಲಿನಿಂದ ಕಾಲು ತೆಗೆದು ಮೆಷಿನ್ ನಿಲ್ಲಿಸಿದ್ದಾಳೆ. ನಾನು ಪೂರ್ಣವಿರಾಮ ಹಾಕಲು ಪೆನ್ನೆತ್ತಿದಾಗ ಅವಳು ತುಟಿಗೆ ಬೆರಳಿಟ್ಟು, ಅಲ್ಲಾಡಬೇಡಿ ಎಂದು ಸನ್ನೆ ಮಾಡಿದಳು