ನಾನು ಬೆಟಗೇರಿ ದಪ್ಪ

ನಾನು ಒಂದು ಫಾಂಟ್. ಕಂಪ್ಯೂಟರಿನಲ್ಲಿ ನೀವು ಟೈಪು ಮಾಡುವ ಅಕ್ಷರಗಳಿಗೆ ಮುಖ ಕೊಡುವವನು. ನನ್ನ ತೂಕ ಒಂದು ಫೋಟೊಗಿಂತ ಕಡಿಮೆ, ಚಿಂತೆ ಮಾತ್ರ ಬೆಟ್ಟದಷ್ಟು. ಫಾಂಟ್ ಆಗಿ ಹುಟ್ಟಿದವರಿಗೆಲ್ಲ ಇರುವುದು ಒಂದೇ ಹೆದರಿಕೆ. ಎಲ್ಲೋ ಯಾರೋ ಒಂದು ಫೈಲು ತೆರೆಯುತ್ತಾರೆ, ಫೈಲು ನಮ್ಮ ಹೆಸರು ಹಿಡಿದು ಕರೆಯುತ್ತದೆ, ಆ ಕಂಪ್ಯೂಟರಿನಲ್ಲಿ ನಾವು ಇರುವುದಿಲ್ಲ. ಆಗ ಅದು ನಮಗಾಗಿ ಕಾಯುವುದಿಲ್ಲ. ನಮ್ಮ ಜಾಗದಲ್ಲಿ ಇನ್ನೊಬ್ಬನನ್ನು ಕೂರಿಸಿ ಕೆಲಸ ಮುಂದುವರಿಸುತ್ತದೆ.

ನಾನು ಹುಟ್ಟಿದ್ದು ಗದಗಿಗೆ ಅಂಟಿಕೊಂಡಿರುವ ಬೆಟಗೇರಿಯಲ್ಲಿ, ಪೇಂಟರ್ ಮೌನೇಶ ಬಡಿಗೇರರ ಮನೆಯ ಪಡಸಾಲೆಯಲ್ಲಿ. ಮೂವತ್ತು ವರ್ಷ ಅವರು ಊರಿನ ಅಂಗಡಿಗಳ ಬೋರ್ಡು ಬರೆದವರು. ಹಿಟ್ಟಿನ ಗಿರಣಿ, ಸೈಕಲ್ ರಿಪೇರಿ, ಹಲ್ಲಿನ ದವಾಖಾನೆ, ಎಲ್ಲಕ್ಕೂ ಅವರದೇ ಅಕ್ಷರ. ದಪ್ಪ ಹೊಟ್ಟೆ, ಸಣ್ಣ ನಡು, ಕೊನೆಯಲ್ಲಿ ಗತ್ತಿನಿಂದ ಮೇಲೆದ್ದ ಒಂದು ಕೊಂಕು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾಯಿತು. ಅದನ್ನಾದರೂ ಅವರು ಸಹಿಸಿಕೊಂಡಿದ್ದರು, ಆಮೇಲೆ ಬಲಗೈ ನಡುಗತೊಡಗಿತು.

ಮಗಳು ಕಸ್ತೂರಿ ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆ, ಬ್ಯಾನರುಗಳ ಡಿಸೈನ್ ಮಾಡುವವಳು. ಒಂದು ದಿನ ಅಪ್ಪನ ಮುಂದೆ ಡ್ರಾಯಿಂಗ್ ಶೀಟಿನ ಕಟ್ಟು ತಂದಿಟ್ಟಳು.

"ಅಪ್ಪಾ, ಕೈ ಇನ್ನೂ ಮಾತ ಕೇಳತೈತಿ. ಅಷ್ಟರಾಗ ಎಲ್ಲಾ ಅಕ್ಷರ ಒಮ್ಮೆ ಬರದಿಡು."

ಅವರು ಎಡಗೈಯಿಂದ ಬಲಮಣಿಕಟ್ಟು ಗಟ್ಟಿಯಾಗಿ ಹಿಡಿದು ಬರೆದರು. ಕೆಲವು ದಿನ ಎರಡೇ ಅಕ್ಷರ, ಕೆಲವು ದಿನ ಅದೂ ಇಲ್ಲ. ಕಸ್ತೂರಿ ಒಂದೊಂದನ್ನೂ ಸ್ಕ್ಯಾನ್ ಮಾಡಿ, ನಡುಗಿದ ಅಂಚುಗಳನ್ನು ಚುಕ್ಕಿ ಚುಕ್ಕಿಯಾಗಿ ನೇರ ಮಾಡಿದಳು. ನಾಲ್ಕು ತಿಂಗಳಿಗೆ ನಾನಾದೆ. ಎಲ್ಲಿ ಅರ್ಧಕ್ಕೇ ನಿಂತುಬಿಡುತ್ತೇನೋ ಎಂಬ ಅವರಿಬ್ಬರ ಆತಂಕದಲ್ಲೇ ಬೆಳೆದವನು ನಾನು, ಹೀಗಾಗಿ ಹೆದರಿಕೆ ನನ್ನ ಹುಟ್ಟುಗುಣ. ಬೆಟಗೇರಿ ದಪ್ಪ ಎಂದು ಹೆಸರಿಟ್ಟಳು.

ಮೊದಲ ಸಲ ನನ್ನನ್ನು ಕಂಪ್ಯೂಟರಿಗೆ ಹಾಕಿದಾಗ ಜೀವ ಬಾಯಿಗೆ ಬಂದಿತ್ತು. ಎರಡು ಸಲ ಕ್ಲಿಕ್ ಮಾಡಿದಳು. ಒಂದು ಕಿಟಕಿ ತೆರೆದು ನನ್ನ ಅಕ್ಷರಗಳನ್ನೆಲ್ಲ ಸಾಲಾಗಿ ನಿಲ್ಲಿಸಿತು, ವಧುಪರೀಕ್ಷೆಯ ಹಾಗೆ. ಇನ್‌ಸ್ಟಾಲ್ ಎಂಬ ಗುಂಡಿ ಒತ್ತಿದಳು. ಕಣ್ಣು ಬಿಟ್ಟಾಗ ಮುನ್ನೂರು ಫಾಂಟುಗಳ ಪಟ್ಟಿಯ ನಡುವೆ ಇದ್ದೆ. ಯಾರೂ ಮಾತಾಡಿಸಲಿಲ್ಲ.

ಅಲ್ಲಿಂದ ಪೆನ್‌ಡ್ರೈವ್ ಹತ್ತಿ ಊರು ಸುತ್ತಿದೆ. ಒಂದು ಸಂಗತಿ ಹೇಳಿಬಿಡುತ್ತೇನೆ: ನಮ್ಮ ಜಾತಿಯಲ್ಲಿ ಅಸಲು, ನಕಲು ಎಂಬುದಿಲ್ಲ. ಎಷ್ಟು ಕಂಪ್ಯೂಟರುಗಳಲ್ಲಿದ್ದರೂ ಅಷ್ಟೂ ಕಡೆ ನಾನೇ. ಸುಖ ಹಂಚಿಹೋಗುತ್ತದೆ, ಹೆದರಿಕೆ ಮಾತ್ರ ಅಷ್ಟು ಪಟ್ಟಾಗುತ್ತದೆ. ಒಂದು ಫೋಟೊ ಸ್ಟುಡಿಯೋದಲ್ಲಿ ಯಾರದೋ ಹುಟ್ಟುಹಬ್ಬದ ಬ್ಯಾನರು ತುಂಬಲೆಂದು ನನ್ನನ್ನು ಎರಡೂ ಕಡೆಯಿಂದ ಎಳೆದು ಚಪಾತಿ ಮಾಡಿದರು. ಮೌನೇಶಪ್ಪ ಅದನ್ನು ನೋಡಲಿಲ್ಲ, ಪುಣ್ಯ. ಕೊನೆಗೆ ಗದಗಿನಲ್ಲಿ ಅಂದಾನೆಪ್ಪ ಎಂಬವರ ಫ್ಲೆಕ್ಸ್ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ನೆಲೆ ಸಿಕ್ಕಿತು. ಕಸ್ತೂರಿಯ ಡಿಸೈನುಗಳೆಲ್ಲ ಪ್ರಿಂಟಾಗುತ್ತಿದ್ದುದು ಅಲ್ಲೇ.

ಆ ವರ್ಷ ದಸರೆಗೆ ಮುಂಚೆ ಹೊಂಬಳ ಖಾನಾವಳಿಯ ದುಂಡಪ್ಪ ಮನೆಗೆ ಬಂದರು. ಅವರ ಖಾನಾವಳಿಯ ಬೋರ್ಡು ಮೌನೇಶಪ್ಪ ಬರೆದ ಮೊದಲ ಬೋರ್ಡುಗಳಲ್ಲಿ ಒಂದು. ಈಗ ಖಾನಾವಳಿ ಎದುರಿನ ಹೊಸ ಕಟ್ಟಡಕ್ಕೆ ಹೋಗುವುದಿತ್ತು. ವಿಜಯದಶಮಿಯ ಮುಂಜಾನೆ ಆರಂಭ.

"ಮೌನೇಶಣ್ಣಾ, ಜಾಗಾ ಬದಲಾದ್ರೂ ಅಕ್ಷರ ನಿಂದ ಇರಬೇಕು. ಮಂದಿ ಬೋರ್ಡ್ ನೋಡೇ ಒಳಗ ಬರ್ತಾರ."

ಮೌನೇಶಪ್ಪ ಬಲಗೈ ಮುಂದೆ ಚಾಚಿ ತೋರಿಸಿದರು. ಕಸ್ತೂರಿ ತಟ್ಟನೆ ಕಂಪ್ಯೂಟರಿನಲ್ಲಿ ನನ್ನನ್ನು ತೆರೆದು, ಹೊಂಬಳ ಖಾನಾವಳಿ ಎಂದು ಟೈಪು ಮಾಡಿದಳು. ಅವರು ಕನ್ನಡಕ ಹಣೆಗೇರಿಸಿ, ಇಳಿಸಿ, ಬಹಳ ಹೊತ್ತು ನೋಡಿದರು.

"ಇದು ನಂದ ಐತಿ. ಮೂಲ್ಯಾಗ ನನ್ನ ಹೆಸರ ಹಾಕು. ಬೋರ್ಡ್ ಏರಿಸೂ ದಿನಾ ನಾನೂ ಬರ್ತೀನಿ. ಆದ್ರ ಒಂದ ಮಾತು ಯವ್ವಾ, ಬ್ಯಾರೆಯವರ ಅಕ್ಷರದ ಕೆಳಗ ನನ್ನ ಹೆಸರ ಬರಬಾರ್ದು. ಬಂತಂದ್ರ ನಾ ಮತ್ತ ಓಣಿಯೊಳಗ ಕಾಲಿಡೂದಿಲ್ಲ."

ಕೈ ನಡುಗತೊಡಗಿದ ಮೇಲೆ ಅವರು ಒಂದು ವರ್ಷದಿಂದ ಮನೆ ಬಿಟ್ಟು ಹೊರಗೆ ಹೋಗಿರಲಿಲ್ಲ. ಈಗ ತಾವಾಗಿಯೇ ಬರುತ್ತೇನೆಂದರು. ಕಸ್ತೂರಿಯ ಮುಖ ಅರಳಿತು. ಅದನ್ನು ನೋಡಿ ನನಗೆ ಇನ್ನಷ್ಟು ಭಯವಾಯಿತು.

ಪ್ರೆಸ್ಸಿಗೆ ಫೈಲು ಕಳಿಸುವಾಗ ಅಕ್ಷರಗಳನ್ನು ಬರೀ ಚಿತ್ರವಾಗಿಸಿ ಕಳಿಸುವ ಪದ್ಧತಿ ಇದೆ. ಆಗ ಆ ಕಡೆ ಫಾಂಟ್ ಬೇಕಾಗುವುದಿಲ್ಲ, ಆದರೆ ಮತ್ತೆ ತಿದ್ದಲೂ ಬರುವುದಿಲ್ಲ. ದುಂಡಪ್ಪ ದಿನಕ್ಕೊಂದು ಬದಲಾವಣೆ ಹೇಳುತ್ತಿದ್ದರು. ಒಂದು ದಿನ ಜೋಳದ ರೊಟ್ಟಿ ಸೇರಿಸು, ಮರುದಿನ ಶೇಂಗಾ ಹೋಳಿಗೆ ತೆಗೆ. ಇನ್ನೇನು ಹೇಳುತ್ತಾರೋ ಎಂದು ಕಸ್ತೂರಿ ಅಕ್ಷರಗಳನ್ನು ಹಾಗೇ ಬಿಟ್ಟು ಕಳಿಸಿದಳು. ಅಂದಾನೆಪ್ಪನ ಹತ್ತಿರ ನಾನು ಇದ್ದೇನಲ್ಲ ಎಂಬ ಧೈರ್ಯ.

ಆದರೆ ಮರುದಿನ ಖಂಡೇಪೂಜೆ ಇತ್ತು. ಬೇರೆ ಕಡೆ ಆಯುಧಪೂಜೆ ಎನ್ನುತ್ತಾರಲ್ಲ, ಅದೇ. ಅದಕ್ಕೆಂದು ಅಂದಾನೆಪ್ಪ ಹಿಂದಿನ ದಿನವೇ ಪ್ರೆಸ್ಸಿನ ಸ್ಕ್ರೂ ಸ್ಕ್ರೂ ಬಿಡದೆ ಒರೆಸಿದರು. ಕೊನೆಗೆ ಕಂಪ್ಯೂಟರಿನ ಮುಂದೆ ಕುಳಿತು, ಹೊರಗೆ ಒರೆಸಿ ಒಳಗೆ ಕಸ ಇಟ್ಟರೆ ಪೂಜೆ ಹೇಗಾದೀತು ಎಂದುಕೊಂಡು, ಅದರೊಳಗಿದ್ದುದನ್ನು ಪೂರ್ತಿ ಅಳಿಸಿ ಎಲ್ಲವನ್ನೂ ಹೊಸದಾಗಿ ಹಾಕಿದರು. ಅವರ ಹಳೆಯ ಸಿ.ಡಿ.ಯಿಂದ ಬಂದ ಫಾಂಟುಗಳಲ್ಲಿ ನಾನಿರಲಿಲ್ಲ. ಅದೇ ಮಧ್ಯಾಹ್ನ ಕಸ್ತೂರಿಯ ಫೈಲು ತೆರೆದರು. ಈ ಫಾಂಟ್ ಇಲ್ಲ, ಬೇರೆಯದು ಹಾಕಲೇ ಎಂದು ಕಂಪ್ಯೂಟರು ಕೇಳಿತು. ಅಂದಾನೆಪ್ಪ ಓದದೆ ಓಕೆ ಒತ್ತಿದರು. ಅದೇ ಕೀಲಿಗಳಿಗೆ ಅದೇ ಅಕ್ಷರ ಕೊಡುವ ಇನ್ನೊಂದು ಫಾಂಟ್ ಬಂದು ಕುಳಿತಿತು. ಕಾಗುಣಿತ ಒಂದೂ ತಪ್ಪಲಿಲ್ಲ, ಹಾಗಾಗಿ ಅವರಿಗೆ ಅನುಮಾನವೇ ಬರಲಿಲ್ಲ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ, ಕಸ್ತೂರಿಯ ಮನೆಯಲ್ಲಿ ನಡೆದ ಮಾತುಗಳಿಂದ.

ಪೂಜೆಯ ದಿನ ಮಧ್ಯಾಹ್ನ ಪ್ರಿಂಟಾದ ಫ್ಲೆಕ್ಸಿನ ಸುರುಳಿ ಮನೆಗೆ ಬಂತು. ಪಡಸಾಲೆಯಲ್ಲಿ ಬಿಚ್ಚಿದರು. ಸಪಾಟಾದ, ಸೊಂಟವಿಲ್ಲದ, ಎಲ್ಲೆಲ್ಲೂ ಕಾಣುವ ಅಕ್ಷರ. ಮೂಲೆಯಲ್ಲಿ ಪೇಂಟರ್ ಮೌನೇಶ ಬಡಿಗೇರ.

"ಇದು ಯಾರ ಕೈ?" ಎಂದರು ಮೌನೇಶಪ್ಪ. "ಇದರ ಕೆಳಗ ನನ್ನ ಹೆಸರ ಯಾಕ ಐತಿ?"

ಮೂಲೆಯ ಸ್ಟೂಲಿನ ಮೇಲೆ, ಕೊರಳಲ್ಲಿ ಚೆಂಡುಹೂವಿನ ಮಾಲೆ ಹಾಕಿಕೊಂಡಿದ್ದ ಕಂಪ್ಯೂಟರಿನೊಳಗೆ ನಾನು ಕುಳಿತಿದ್ದೆ. ನಾಚಿಕೆಯಿಂದ ಅಳಿದುಹೋಗಬಾರದೇ ಅನ್ನಿಸಿತು.

ಕಸ್ತೂರಿ ಅಂದಾನೆಪ್ಪನಿಗೆ ಫೋನ್ ಹಚ್ಚಿದಳು. "ಅಣ್ಣಾರ, ಫಾಂಟ್ ಮತ್ತ ಹಾಕಿ ಇನ್ನೊಂದ ಪ್ರಿಂಟ್ ಕೊಡ್ರಿ. ನಿಮಗ ಕೈ ಮುಗೀತೀನಿ."

"ಅಕ್ಕಾರ, ತಪ್ಪ ನಂದ. ಆದ್ರ ಮಷಿನ್‌ಗೆ ಪೂಜಿ ಆಗೈತ್ರಿ. ನಾಳೆ ಸಂಜಿಗೆ ಬನ್ನಿ ಕೊಡೂ ತನಕಾ ಮುಟ್ಟೂ ಹಂಗಿಲ್ಲ. ನಮ್ಮಪ್ಪನ ಕಾಲದಿಂದ ಮುರಿದಿಲ್ಲ."

ಊರಿನ ಉಳಿದ ಪ್ರೆಸ್ಸುಗಳಲ್ಲೂ ಅದೇ ಕಥೆ. ಫೋನಿಟ್ಟು ಅವಳು ಫ್ಲೆಕ್ಸನ್ನು ಸುತ್ತಿಡತೊಡಗಿದಳು. ಮೌನೇಶಪ್ಪ ಎದ್ದು ಒಳಗೆ ಹೋದರು. ಮಲಗಲು ಹೋದರು, ಇನ್ನು ಈ ಮನುಷ್ಯ ಹೊರಗೆ ಬರುವುದಿಲ್ಲ ಎಂದುಕೊಂಡೆ. ಅವರು ಹಳದಿ ಬಳಿದ ಒಂದು ತಗಡನ್ನು ಹಿಂದಿನ ಕೋಣೆಯಿಂದ ಎಳೆದು ತಂದರು. ನಂತರ ಕಂಪ್ಯೂಟರಿನ ಮಾಲೆಯನ್ನು ತಾವೇ ತೆಗೆದು ಪಕ್ಕಕ್ಕಿಟ್ಟರು.

"ಚಾಲೂ ಮಾಡು. ದೇವರಿಗೆ ಸಿಟ್ ಬಂದ್ರ ನನ್ನ ಮ್ಯಾಲ ಬರ್ಲಿ."

ಮನೆಯ ಸಣ್ಣ ಪ್ರಿಂಟರಿನಿಂದ ಒಂದೊಂದು ಹಾಳೆಗೆ ಅರ್ಧರ್ಧ ಅಕ್ಷರವಾಗಿ ನಾನು ಹೊರಬಂದೆ. ಕಸ್ತೂರಿ ಹಾಳೆಗಳನ್ನು ಟೇಪಿನಿಂದ ಜೋಡಿಸಿದಳು. ಮೌನೇಶಪ್ಪ ಹೇಳಿಕೊಟ್ಟಂತೆ ಅಕ್ಷರದ ಅಂಚಿನುದ್ದಕ್ಕೂ ಸೂಜಿಯಿಂದ ತೂತು ಕೊರೆದಳು. ಹಾಳೆಯನ್ನು ತಗಡಿಗೆ ಅಂಟಿಸಿ, ಬಟ್ಟೆಯ ಗಂಟಿನಲ್ಲಿ ಇದ್ದಿಲಪುಡಿ ಕಟ್ಟಿ ಮೇಲಿಂದ ತಟ್ಟಿದಳು. ಒಂದು ಸೀನು ಬಂದರೂ ನಾನು ಹಾರಿಹೋಗುತ್ತಿದ್ದೆ. ಹಾಳೆ ಎತ್ತಿದಾಗ ಹಳದಿ ತಗಡಿನ ಮೇಲೆ ಕಪ್ಪು ಚುಕ್ಕಿಗಳಾಗಿ ನಿಂತಿದ್ದೆ.

ಬ್ರಷ್ ಹಿಡಿಯಬೇಕಾದವಳು ಕಸ್ತೂರಿ. ಅವಳು ಹುಟ್ಟಿದಾಗಿನಿಂದ ಬ್ರಷ್ ತೊಳೆದಿದ್ದಳು, ಬೋರ್ಡು ಬರೆದಿರಲಿಲ್ಲ.

"ನನಗಾಗೂದಿಲ್ಲಪ್ಪಾ. ಕೆಟ್ಟರ?"

"ಕೆಟ್ಟರ ಒರಸೂಣು. ಉಸರ ಹಿಡಿ. ಹೊಟ್ಟಿಗೆ ಒತ್ತು ಕೊಡು, ನಡಕ್ಕ ಬಂದ ಮ್ಯಾಲ ಎತ್ತು. ಹಾಂ, ಈಗ ಬಿಡು."

ಮೊದಲ ಅಕ್ಷರವನ್ನು ಮೂರು ಸಲ ಒರೆಸಿದರು. ಐದನೆಯದಕ್ಕೆ ಮೌನೇಶಪ್ಪ ಹೇಳುವುದನ್ನು ನಿಲ್ಲಿಸಿ ಬರೀ ನೋಡುತ್ತ ಕುಳಿತರು. ದೀಪ ಹಚ್ಚುವ ಹೊತ್ತಿಗೆ ಕೊನೆಯ ಸಾಲೂ ಮುಗಿಯಿತು. ಕಸ್ತೂರಿ ಸಣ್ಣ ಬ್ರಷ್ ತೆಗೆದುಕೊಂಡು ಮೂಲೆಯಲ್ಲಿ ಪೇಂಟರ್ ಎಂದು ಬರೆದು, ಮುಂದೆ ಅಪ್ಪನ ಹೆಸರು ಬರೆಯಲು ಹೊರಟಳು.

"ನಿಂದ್ರು," ಎಂದರು ಅವರು. "ನಿನ್ನ ಹೆಸರ ಬರಿ."

"ಅಪ್ಪಾ, ಅಕ್ಷರ ನಿಂದಲ್ಲಾ?"

"ಅಕ್ಷರ ನಂದ. ಕೈ ನಿಂದು. ಬ್ರಷ್ ಹಿಡದವರ ಹೆಸರ ಮೂಲ್ಯಾಗ ಇರೂದು. ಸುಳ್ಳ ಬರೀಬ್ಯಾಡ."

ಅವಳು ಕಣ್ಣೊರೆಸಿಕೊಂಡು ಬರೆದಳು: ಕಸ್ತೂರಿ ಮೌನೇಶ ಬಡಿಗೇರ. ನಮ್ಮ ಕಡೆ ಮಕ್ಕಳ ಹೆಸರು ಬರೆಯುವುದೇ ಹಾಗೆ, ನಡುವೆ ಅಪ್ಪ ಇರುತ್ತಾನೆ.

ಮರುದಿನ ಮುಂಜಾನೆ ಮೌನೇಶಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಖಾನಾವಳಿಗೆ ಹೋದರು. ಬೋರ್ಡು ಬರೆದವಳು ನನ್ನ ಮಗಳು ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿದರಂತೆ.

ಇದಾಗಿ ಒಂಬತ್ತು ವರ್ಷ. ಮೌನೇಶಪ್ಪ ಈಗಿಲ್ಲ. ಕಸ್ತೂರಿಗೆ ಗದಗ, ಹುಬ್ಬಳ್ಳಿಯಿಂದ ಕೈಬರಹದ ಬೋರ್ಡಿಗೆ ಜನ ಬರುತ್ತಾರೆ. ಹಾಳೆಯೂ ಬೇಡ, ಸೂಜಿಯೂ ಬೇಡ, ನೇರ ತಗಡಿಗೇ ಬ್ರಷ್ ಇಡುತ್ತಾಳೆ. ಹೊಸ ಕಂಪ್ಯೂಟರು ಬಂತು, ಅದಕ್ಕೆ ನನ್ನ ಕಾಲದ ಫಾಂಟುಗಳು ಹಿಡಿಸುವುದಿಲ್ಲ. ಹಳೆಯದರಲ್ಲಿ ನಾನಿದ್ದೇನೆ, ಅಟ್ಟದ ಮೇಲೆ, ಗೋಣಿಚೀಲದೊಳಗೆ. ನನ್ನ ಜಾಗದಲ್ಲಿ ಇನ್ನೊಬ್ಬರು ಬಂದು ಕುಳಿತರು, ಕೊನೆಗೂ. ಅದು ಕಸ್ತೂರಿಯ ಕೈ. ಹೊಟ್ಟೆಕಿಚ್ಚಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಅವಳು ಮತ್ತೆ ಬೇಕಾಗಿ ನನ್ನನ್ನು ಕೆಳಗಿಳಿಸುವ ದಿನ ಬಾರದಿರಲಿ ಎಂದೇ ಬೇಡಿಕೊಳ್ಳುತ್ತೇನೆ. ಮೌನೇಶಪ್ಪನ ಕೈ ನಡುಗಲು ಶುರುವಾದದ್ದು ಐವತ್ತೆರಡಕ್ಕೆ. ಕಸ್ತೂರಿಗೆ ಈ ದಸರೆಗೆ ನಲವತ್ತೊಂದು ತುಂಬಿತು.