ಬರೀ ಮೂಗು ಅಂದುಕೊಂಡೆವು

ಕುದುರೆಯ ಮೇಲೆ ಬಂದ ಮೂವರು ಹಿರಿಯರು ಗುಡಾರದ ಮುಂದೆ ಇಳಿದು, ಕೊಟ್ಟ ಹುಳಿಹಾಲನ್ನು ಮುಟ್ಟದೆ ಕುಳಿತಾಗಲೇ ಓಮುರ್ಜಾಕನಿಗೆ ಕೆಟ್ಟ ಸುದ್ದಿಯೆಂದು ತಿಳಿದುಹೋಯಿತು. ಬೇಸಿಗೆಯ ಹುಲ್ಲುಗಾವಲಿಗೆ ಹಿರಿಯರು ಹೀಗೆ ಒಟ್ಟಾಗಿ ಸುಮ್ಮನೆ ಹತ್ತಿ ಬರುವುದಿಲ್ಲ. ಅವನ ಹೆಂಡತಿ ಅನಾರ್ಕಾನ್ ಹಾಲು ಕರೆಯುವುದನ್ನು ಬಿಟ್ಟು ಬಂದು ಬಾಗಿಲಲ್ಲಿ ನಿಂತಳು.

"ಓಮುರ್ಜಾಕ್, ಎಷ್ಟೇ ಅಕ್ಕರೆಯಿಂದ ಸಾಕಿದ ಗಿಡುಗ ಆದ್ರೂ ಒಂದಿನ ಕೈಬಿಟ್ಟು ಹಾರತ್ತೆ" ಎಂದ ಅವರಲ್ಲಿ ಹಿರಿಯವನು. "ಕೊಟ್ಟೋನೂ ಅವನೇ, ತಗೊಂಡೋನೂ ಅವನೇ."

"ಸುತ್ತಿ ಬಳಸಿ ಹೇಳಬೇಡ ಕಣಯ್ಯಾ. ಯಾರು? ನಮ್ಮಣ್ಣನಾ?"

"ಅಲ್ಲ. ನಿನ್ನ ಮಗಳು ಉಲ್ಜಾನ್."

ಓಮುರ್ಜಾಕ ದಡಕ್ಕನೆ ಎದ್ದ.

"ಉಲ್ಜಾನಾ? ಮೊನ್ನೆ ಫೋನಲ್ಲಿ ನಗಾಡಿದ್ಲಲ್ಲ! ಏನಾಯ್ತು? ಕುದುರೆ ಒದೀತಾ? ಹೊಳೆ ಎಳ್ಕೊಂಡು ಹೋಯ್ತಾ?"

"ಎರಡೂ ಅಲ್ಲ. ಮೂಗು ಕಟ್ಟಿತ್ತಂತೆ. ಆಮೇಲೆ ಉಸಿರೇ ಕಟ್ಟಿತಂತೆ."

ಓಮುರ್ಜಾಕ ಮೂವರ ಮುಖವನ್ನೂ ಒಂದೊಂದಾಗಿ ನೋಡಿದ. "ಮೂಗು ಕಟ್ಟಿ ಯಾರಾದ್ರೂ ಸಾಯ್ತಾರೇನ್ರಯ್ಯಾ?"

ಗಂಡಹೆಂಡತಿ ಕುದುರೆ ಹತ್ತಿ ಮಗಳ ಊರಿಗೆ ಇಳಿದರು. ಇಳಿಜಾರಿನ ದಾರಿಯುದ್ದಕ್ಕೂ ಅವನು ಅದೇ ಮಾತನ್ನು ಕುದುರೆಗೆ ಹೇಳಿದ, ಗಾಳಿಗೆ ಹೇಳಿದ.

ಉಲ್ಜಾನಳ ಮೂಗು ಕಟ್ಟಿರುತ್ತಿದ್ದುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಅಲ್ಲಿಯ ಹೆಂಗಸರೆಲ್ಲ ಕುರಿಯುಣ್ಣೆಯನ್ನು ಕೋಲಿನಿಂದ ಬಡಿದು, ಬಿಸಿನೀರು ಹಾಕಿ ಒತ್ತಿ, ಹೂಬಳ್ಳಿಯ ಜಮಖಾನ ಮಾಡುವವರು. ಉಣ್ಣೆ ಬಡಿದ ದಿನ ಎಲ್ಲರ ಮೂಗೂ ಸೋರುತ್ತದೆ. 'ಮೂಗು ಸೋರದವಳು ಸೋಮಾರಿ' ಎಂದು ಅತ್ತೆಯರು ಸೊಸೆಯರನ್ನು ಚುಚ್ಚುತ್ತಿದ್ದರು. ಉಲ್ಜಾನಳ ಮೂಗು ವರ್ಷವಿಡೀ ಕಟ್ಟಿಯೇ ಇರುತ್ತಿತ್ತು. ಆದ್ದರಿಂದ ಅವಳಂಥ ಕೆಲಸಗಾತಿ ಇಲ್ಲವೆಂದು ಎಲ್ಲರೂ ಹೊಗಳಿದರು. ಅದು ರೋಗವೆಂದು ಮನೆಯವರಿಗೆ ತೋಚಲೇ ಇಲ್ಲ.

ಮಗಳ ಮನೆಯ ಅಂಗಳದಲ್ಲಿ ಸಾವಿನ ಗುಡಾರ ಎದ್ದಿತ್ತು. ಒಳಗೆ ಹೆಂಗಸರ ಹಾಡಿನ ಅಳು. ಹೊರಗೆ ಅಳಿಯ ತಾಷ್ತಾನ್ ಕೋಲಿಗೆ ಆತು ನಿಂತಿದ್ದ.

"ಹೇಳಪ್ಪಾ, ಹೇಗಾಯ್ತು?"

"ಮಾವಾ, ನನಗೇ ಗೊತ್ತಾಗ್ತಿಲ್ಲ. ಗಾಳಿ ಜೋರಿತ್ತು ಅಂತ ಕೊಟ್ಟಿಗೆ ಬಾಗಿಲು ಹಾಕ್ಕೊಂಡು ಉಣ್ಣೆ ಬಡೀತಿದ್ರು. ತಲೆ ಸಿಡೀತಿದೆ ಅಂದ್ಲು, ಪಕ್ಕದ ಮನೆಯೋಳು ಯಾವ್ದೋ ನೋವಿನ ಮಾತ್ರೆ ಕೊಟ್ಲು. ಸ್ವಲ್ಪ ಹೊತ್ತಿಗೆ ಎದೆ ಸಿಳ್ಳೆ ಹೊಡೆಯೋಕೆ ಶುರುವಾಯ್ತು. ಯಾರ್ದೋ ಕಣ್ಣು ಬಿದ್ದಿದೆ ಅಂತ ಬಾಗಿಲು ಮುಚ್ಚಿ ಅರ್ಚಾ ಹೊಗೆ ಹಾಕಿದ್ರು. ನಾನು ಕಾರು ಹುಡ್ಕೊಂಡು ಬಂದೆ. ಸೇತುವೆ ದಾಟೋಕೆ ಮುಂಚೆನೇ..."

ಬೆಟ್ಟದ ಅರ್ಚಾ ಗಿಡದ ಹಸಿರು ಕಡ್ಡಿಯನ್ನು ಕೆಂಡದ ಮೇಲೆ ಹಾಕಿ, ಆ ಹೊಗೆಯನ್ನು ತಲೆಯ ಸುತ್ತ ನಿವಾಳಿಸಿದರೆ ಕೇಡೆಲ್ಲ ಓಡುತ್ತದೆಂಬುದು ಅಜ್ಜನ ಕಾಲದ ನಂಬಿಕೆ. ಓಮುರ್ಜಾಕನೂ ಅದೇ ಹೊಗೆಯಲ್ಲಿ ಬೆಳೆದವನು.

ಮಣ್ಣಾಯಿತು. ಗುರುವಾರ ಬಂತು. ಅಂದು ಎಣ್ಣೆಯಲ್ಲಿ ರೊಟ್ಟಿ ಕರಿಯಬೇಕು, ಅದರ ಕಂಪು ಸತ್ತವರ ಆತ್ಮಕ್ಕೆ ತಲುಪುತ್ತದೆ. ಅನಾರ್ಕಾನ್ ಕಣ್ಣೀರು ಒರೆಸುತ್ತ ಬಾಣಲೆಯ ಮುಂದೆ ಕುಳಿತಳು. ಊರಿನ ಆರೋಗ್ಯ ಕೇಂದ್ರದ ದಾದಿ ಜೂರಕಾನ್ ಪ್ರಾರ್ಥನೆಗೆಂದು ಬಂದು ಓಮುರ್ಜಾಕನ ಪಕ್ಕ ಕುಳಿತಿದ್ದಳು. ಉಲ್ಜಾನಳ ಮಗಳು ಬೆಗಿಮಾಯ್ ಬಾಯಿ ತೆರೆದುಕೊಂಡೇ ಉಸಿರಾಡುತ್ತ ಅಜ್ಜಿಗೆ ಒರಗಿದ್ದಳು. ಅವಳಿಗೆ ಕೆಮ್ಮು ಬಂತು. ಮತ್ತೆ ಬಂತು.

"ಅಯ್ಯೋ, ಇದಕ್ಕೂ ತಗುಲಿಕೊಳ್ತು!" ಅನಾರ್ಕಾನ್ ಗಡಬಡಿಸಿ ಎದ್ದು ಕೆಂಡದ ಬೋಗುಣಿಗೆ ಅರ್ಚಾ ಕಡ್ಡಿ ಹಾಕಿದಳು.

ಜೂರಕಾನ್ ಎದ್ದು ಅಡ್ಡ ನಿಂತಳು. "ಅಜ್ಜೀ, ಬೇಡ. ಅದನ್ನ ಹೊರಗಿಡಿ."

"ನೀನು ಹುಟ್ಟಿದಾಗ ನಿನಗೆ ಹೊಗೆ ಹಾಕಿದ್ದು ಈ ಕೈನೇ ಕಣೇ. ಸತ್ತೋದ್ಯಾ ನೀನು?"

"ನಾನು ಸಾಯ್ಲಿಲ್ಲ ಅಜ್ಜೀ. ನನ್ನ ಮೂಗು, ಎದೆ ಎರಡೂ ಚೆನ್ನಾಗಿದ್ವು. ಉಲ್ಜಾನಂದು ಚೆನ್ನಾಗಿರ್ಲಿಲ್ಲ."

ಜೂರಕಾನ್ ಬೋಗುಣಿಯನ್ನು ಬಾಗಿಲಾಚೆ ಸರಿಸಿದಳು. ಓಮುರ್ಜಾಕ ಕೇಳಿದ, "ಅಂದ್ರೆ? ಅವಳಿಗೆ ಏನಿತ್ತು?"

"ಅಸ್ತಮಾ ಇತ್ತು ಅಜ್ಜಾ. ಮೂಗೊಳಗೆ ದ್ರಾಕ್ಷಿ ಥರ ಗಡ್ಡೆಗಳೂ ಇದ್ವು. ಪಟ್ಟಣದ ದೊಡ್ಡಾಸ್ಪತ್ರೆಗೆ ಹೋಗು ಅಂತ ಬೇಡ್ಕೊಂಡೆ. 'ಬರೀ ಮೂಗು ತಾನೇ, ಜಮಖಾನ ಮುಗೀಲಿ' ಅಂದ್ಲು. ದಿನಾ ಎಳೆಯಬೇಕಿದ್ದ ಇನ್ಹೇಲರ್ ಔಷಧೀನ ಉಸಿರು ಕಟ್ಟಿದಾಗ ಮಾತ್ರ ಎಳೀತಿದ್ಲು, ಜೋರಾಗಿ ಕಟ್ಟಿದಾಗ ಅದು ಸಾಲಲ್ಲ. ಮೂಗಿಗೆ ಏನೂ ಹಾಕ್ಕೊಳ್ಳಲೇ ಇಲ್ಲ."

"ಮೂಗಿಗೂ ಎದೆಗೂ ಏನಮ್ಮಾ ಸಂಬಂಧ? ಇದು ಇಲ್ಲಿ, ಅದು ಅಲ್ಲಿ."

"ಅಜ್ಜಾ, ಮೇಲುಗಡೆ ಕುರಿಮಂದೆ ಹೊಳೆ ಕಲಕಿದ್ರೆ ಕೆಳಗಿನ ಊರಿಗೆ ತಿಳಿನೀರು ಸಿಗತ್ತಾ? ಮೂಗಿಂದ ಎದೆವರೆಗೂ ಒಂದೇ ದಾರಿ, ಒಳಗಿನ ಪೊರೇನೂ ಒಂದೇ ಥರದ್ದು. ಮೂಗು ಊದಿಕೊಂಡಿದ್ರೆ ಎದೆಯ ಕೊಳವೆಗಳೂ ಸುಲಭವಾಗಿ ಊದಿಕೊಳ್ತವೆ. ಮೂಗು ಗಾಳೀನ ಬೆಚ್ಚಗೆ ಮಾಡಿ, ಧೂಳು ತಡೆದು ಒಳಗೆ ಬಿಡೋದು. ಅದೇ ಕಟ್ಟಿದ್ರೆ ಬಾಯಲ್ಲಿ ಉಸಿರು, ಧೂಳು ನೇರ ಎದೆಗೆ. ಮೂಗಲ್ಲಿ ಗಡ್ಡೆ, ಎದೇಲಿ ಅಸ್ತಮಾ ಎರಡೂ ಇರೋರಲ್ಲಿ ಕೆಲವರಿಗೆ ಕೆಲವು ನೋವಿನ ಮಾತ್ರೆನೂ ಆಗಲ್ಲ, ಉಸಿರು ಕಟ್ಟಿಸಿಬಿಡತ್ತೆ. ಅದರ ಮೇಲೆ ಬಾಗಿಲು ಮುಚ್ಚಿ ಹೊಗೆ!"

ಅನಾರ್ಕಾನ್ ಒಪ್ಪಲಿಲ್ಲ. "ಪುಸ್ತಕದ ಮಾತು ನಿಂದು. ಮಗೂಗೆ ಬರೀ ಶೀತ. ಎಲ್ಲ ಮಕ್ಕಳಿಗೂ ಇರತ್ತೆ." ಅವಳು ಆಗತಾನೆ ಕರಿದ ರೊಟ್ಟಿಯನ್ನು ಮೊಮ್ಮಗಳ ಮುಖದ ಹತ್ತಿರ ಹಿಡಿದಳು. "ಬಾ ನನ್ನ ಬಂಗಾರ. ಮೂಸಿ ನೋಡು. ಈ ಕಂಪೇ ನಿನ್ನಮ್ಮಂಗೆ ಹೋಗಿ ಮುಟ್ಟೋದು. ಹೇಗಿದೆ?"

ಬೆಗಿಮಾಯ್ ಕಣ್ಣು ಮುಚ್ಚಿ ಎಳೆದುಕೊಂಡಳು. "ಬಿಸಿ ಇದೆ."

"ಬಿಸಿ ಅಲ್ಲ ಕಂದಾ, ವಾಸನೆ."

"ವಾಸನೆ ಅಂದ್ರೆ ಬಿಸಿ ಅಲ್ವಾ ಅಜ್ಜೀ? ನಂಗೂ ಅಮ್ಮಂಗೂ ಹಾಗೇ ಬರೋದು."

ಅನಾರ್ಕಾನ್ ರೊಟ್ಟಿಯನ್ನು ತಟ್ಟೆಗೆ ಹಾಕಿದಳು. ಒಲೆಯ ಮೇಲೆ ಹಾಲು ಸೀದು ಹೋಗುತ್ತಿದ್ದರೂ ಉಲ್ಜಾನ್ ಪಕ್ಕದಲ್ಲೇ ಕುಳಿತು ಹೊಲಿಯುತ್ತಿದ್ದುದು, ಮನೆಮಂದಿಯೆಲ್ಲ ಅವಳ ಮರೆಗುಳಿತನಕ್ಕೆ ನಕ್ಕದ್ದು ಓಮುರ್ಜಾಕನ ಕಣ್ಣಿಗೆ ಕಟ್ಟಿತು. ಮಗಳು ಮಣ್ಣಿಗೆ ಹೋದಳು. ಅದೇ ದಾರಿಯಲ್ಲಿ ಈ ಪುಟ್ಟ ಮಗು ನಿಂತಿದೆ, ಎಲ್ಲರ ಕಣ್ಣೆದುರಿಗೇ, ಎಲ್ಲರೂ ರೊಟ್ಟಿ ತಿನ್ನುತ್ತಿರುವಾಗ.

"ಜೂರಕಾನ್, ಈ ಮಗೂನೂ ಹಾಗೇ ತಗೊಂಡು ಹೋಗತ್ತಾ ಆ ರೋಗ?"

"ಹೋಗಬೇಕು ಅಂತೇನಿಲ್ಲ ಅಜ್ಜಾ. ರಾತ್ರಿ ಕೆಮ್ಮತ್ತಾ? ಓಡಿದ್ರೆ ಎದೆ ಸಿಳ್ಳೆ ಹೊಡೆಯತ್ತಾ?"

"ಎರಡೂ ಇದೆ" ಎಂದ ಬಾಗಿಲಲ್ಲಿ ನಿಂತಿದ್ದ ತಾಷ್ತಾನ್, ಮೆಲ್ಲಗೆ.

"ಹಾಗಾದ್ರೆ ಡಾಕ್ಟರು ಮೂಗನ್ನೂ ನೋಡಬೇಕು, ಎದೆಯನ್ನೂ ನೋಡಬೇಕು. ನಾಳೆನೇ."

"ನಲವತ್ತು ದಿನ ತುಂಬೋವರೆಗೂ ಮಗು ತಾಯಿಯ ಗುಡಾರ ಬಿಟ್ಟು ಹೋಗಬಾರದು" ಎಂದಳು ಅನಾರ್ಕಾನ್. ಆದರೆ ಅವಳ ದನಿಯಲ್ಲಿ ಮೊದಲಿನ ಬಿರುಸಿರಲಿಲ್ಲ.

"ಇನ್ನೊಂದು ಗುಡಾರ ಹಾಕೋ ಶಕ್ತಿ ನನಗಿಲ್ಲ ಕಣೇ" ಎಂದ ಓಮುರ್ಜಾಕ.

ಅನಾರ್ಕಾನ್ ಎದ್ದು, ಬಾಗಿಲಾಚೆ ಹೊಗೆಯಾಡುತ್ತಿದ್ದ ಬೋಗುಣಿಯನ್ನು ಎತ್ತಿಕೊಂಡು ಹೋಗಿ ಅಂಗಳದ ಆಚೆ ಸುರಿದು, ಮಗುವಿನ ದಪ್ಪ ಅಂಗಿಯನ್ನು ತಾನೇ ಮಡಚಿಟ್ಟಳು.

ಪಟ್ಟಣದ ವೈದ್ಯರು ಬೆಗಿಮಾಯಳ ಮೂಗಿನೊಳಗೆ ಬೆಳಕು ಹಾಕಿ ನೋಡಿದರು, ಕೊಳವೆಯೊಳಗೆ ಊದಿಸಿ ಎದೆಯ ಬಲ ಅಳೆದರು. ಉಣ್ಣೆಯ ಧೂಳಿಗೆ ಮೂಗಿನೊಳಗೆಲ್ಲ ಊದಿಕೊಂಡಿದೆ, ಎದೆಯಲ್ಲಿ ಅಸ್ತಮಾ ಶುರುವಾಗಿದೆ, ಎರಡಕ್ಕೂ ಒಟ್ಟಿಗೇ ಔಷಧಿ ಬೇಕು ಎಂದರು. ಮೂಗಿಗೆ ಒಂದು, ಎದೆಗೆ ಒಂದು. ಆರಾಮಾಯಿತೆಂದು ತಾವಾಗಿಯೇ ಬಿಡುವಂತಿಲ್ಲ. ತಾಷ್ತಾನ್ ಉಣ್ಣೆ ಬಡಿಯುವ ಜಾಗವನ್ನು ಕೊಟ್ಟಿಗೆಯಿಂದ ಬಯಲಿಗೆ ತಂದ. ಹೆಂಗಸರು ಗಾಳಿಗೆ ಬೆನ್ನು ಮಾಡಿ, ಮೂಗು ಬಾಯಿಗೆ ಬಟ್ಟೆ ಕಟ್ಟಿ ಕೂರುತ್ತಾರೆ. ಮಗು ಅತ್ತ ಸುಳಿಯುವುದಿಲ್ಲ. ಕೆಲವು ವಾರಗಳಲ್ಲಿ ಬೆಗಿಮಾಯ್ ಬಾಯಿ ಮುಚ್ಚಿ ನಿದ್ದೆ ಮಾಡತೊಡಗಿದಳು. ಓಮುರ್ಜಾಕ ಪಕ್ಕದಲ್ಲಿ ಕುಳಿತು ಆ ಉಸಿರನ್ನು ಕೇಳುತ್ತಾನೆ. ಸಮಾಧಾನವೂ ಆಗುತ್ತದೆ, ಕರುಳೂ ಹಿಂಡುತ್ತದೆ.

ಇದನ್ನು ಓದುವ ತಾಯಂದಿರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಇಂಥ ಒಂದು ಮೂಗು ಇರಬಹುದು. ತಿಂಗಳುಗಟ್ಟಲೆ ಕಟ್ಟಿದ ಮೂಗು, ಹೋದ ವಾಸನೆ, ಹಣೆ ಕೆನ್ನೆಯ ಭಾರ, ರಾತ್ರಿಯ ಕೆಮ್ಮು ಇವನ್ನು ಶೀತವೆಂದು ತಳ್ಳಿಹಾಕಬೇಡಿ. ಮೂಗಿಗೆಂದು ಹೋದಾಗ ಎದೆಯನ್ನೂ, ಎದೆಗೆಂದು ಹೋದಾಗ ಮೂಗನ್ನೂ ತೋರಿಸಿ. ಅಸ್ತಮಾ ಇದ್ದವರು ಕೇಳದೆ ನೋವಿನ ಮಾತ್ರೆ ನುಂಗಬೇಡಿ. ಉಸಿರು ಕಟ್ಟಿದವರನ್ನು ನೆಟ್ಟಗೆ ಕೂರಿಸಿ, ಬಾಗಿಲು ತೆರೆಯಿರಿ, ತುರ್ತಿಗೆಂದು ವೈದ್ಯರು ಕೊಟ್ಟ ಎಳೆಯುವ ಔಷಧಿ ಕೊಡಿ, ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಅರ್ಚಾ ಆಗಲಿ, ಸಾಂಬ್ರಾಣಿ ಆಗಲಿ, ಹೊಗೆ ಮಾತ್ರ ಹಾಕಬೇಡಿ. ಪ್ರಾರ್ಥನೆ ಮಾಡಿ, ದಾರಿಯಲ್ಲಿ ಹೋಗುತ್ತಲೇ ಮಾಡಿ.

ಉಲ್ಜಾನ್ ಮಗಳೇ, ದಯಾಮಯನು ನಿನ್ನ ನಂಬಿಕೆಯನ್ನು ನಿನಗೆ ಸಂಗಾತಿಯಾಗಿಸಲಿ. ಇಲ್ಲಿ ಇಕ್ಕಟ್ಟಾಗಿದ್ದ ನಿನ್ನ ದಾರಿ ಅಲ್ಲಿ ವಿಶಾಲವಾಗಲಿ. ನಿನ್ನ ಮೇಲಿನ ಮಣ್ಣು ರೇಷ್ಮೆಯಾಗಲಿ, ನೀನು ಮಲಗಿದ ನೆಲ ಸ್ವರ್ಗವಾಗಲಿ. ಆಮೀನ್.